ಪುಸ್ತಕದ ಬೆನ್ನಿನೊಳಗೆ ಬರೆದವರು

ಹೋದ ವಾರ ಭಟ್ಕಳದ ಬಸ್ ಸ್ಟ್ಯಾಂಡಿನಲ್ಲಿ ಕುಮಟೆಯ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನ ಗೋಡೆಗೆ ಇಬ್ಬರು ಯಕ್ಷಗಾನದ ಪೋಸ್ಟರು ಅಂಟಿಸುತ್ತಿದ್ದರು. ತಗಡಿನ ಡಬ್ಬಿಯಲ್ಲಿ ಮೈದಾದ ಅಂಟು, ಹುಳ ಹಿಡಿಯಬಾರದೆಂದು ಅದಕ್ಕೆ ಮೈಲುತುತ್ತು ಹಾಕಿ ಕುದಿಸಿದ್ದು... ಆ ಹಳಸಲು ವಾಸನೆ ಮೂಗಿಗೆ ಬಡಿಯಿತು. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಆ ವಾಸನೆ ಎಂದರೆ ನನಗೆ ಒಬ್ಬರೇ. ಹೊನ್ನಾವರದ ಬಂದರಿಗೆ ಹೋಗುವ ರಸ್ತೆಯಲ್ಲಿ ಪುಸ್ತಕ ಬೈಂಡ್ ಮಾಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದವರು. ನಾನು ಕುಮಟೆಯ ಒಂದು ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದೆ. ಹುಡುಗರು ಅವರನ್ನು ಬೈಂಡಿಂಗ್ ಮಾಮ ಎನ್ನುತ್ತಿದ್ದರು, ನನಗೂ ಅವರು ಮಾಮನೇ ಆದರು. ಅವರು ನನ್ನನ್ನು ‘ಅಕ್ಕೋರೇ’ ಎನ್ನುತ್ತಿದ್ದರು, ನಮ್ಮ ಕಡೆ ಶಾಲೆಯ ಟೀಚರನ್ನು ಕರೆಯುವ ಹಾಗೆ. ನಾನು ಪಾಠ ಮಾಡುವವಳಲ್ಲ ಮಾರಾಯ್ರೆ, ಬರೀ ಪುಸ್ತಕ ಕಾಯುವವಳು ಎಂದು ಎಷ್ಟು ಸಲ ಹೇಳಿದರೂ ಕೇಳಲಿಲ್ಲ.

ಪ್ರತಿವರ್ಷ ಬೇಸಿಗೆ ರಜೆ ಬಿದ್ದ ಕೂಡಲೇ ಬರುತ್ತಿದ್ದರು. ದಬ್ಬಣ, ದಾರದ ಉಂಡೆ, ಅಂಟಿನ ಡಬ್ಬಿ, ಪುಸ್ತಕ ಒತ್ತಿಡುವ ಎರಡು ಹಲಗೆ ಹೊತ್ತು ತಂದು ಲೈಬ್ರರಿಯ ಜಗಲಿಯಲ್ಲಿ ಹರಡಿಕೊಂಡರೆ ಹದಿನೈದು ದಿವಸ ಅಲ್ಲೇ. ಹೊಲಿಯುತ್ತ ಹೊಲಿಯುತ್ತ ಓದುತ್ತಿದ್ದರು. ಆರನೇ ಕ್ಲಾಸಿಗೇ ಶಾಲೆ ಬಿಟ್ಟವರು, ಮನೆಮಾತು ಕೊಂಕಣಿ, ಓದಿದ್ದು ಮಾತ್ರ ಎಲ್ಲ. ಆದರೆ ಮೊದಲ ಪುಟದಿಂದ ಓದುವ ಅಭ್ಯಾಸವೇ ಇರಲಿಲ್ಲ. ಪುಸ್ತಕ ಎಲ್ಲಿ ಹರಿದಿದೆಯೋ ಅಲ್ಲಿಂದಲೇ ಶುರು.

“ಜನ ಎಲ್ಲಿ ಜಾಸ್ತಿ ತಿರುವಿದ್ರೋ ಅಲ್ಲೇ ಹರೀತದೆ ಅಕ್ಕೋರೇ. ಅದಷ್ಟೇ ಓದಿದ್ರೆ ಸಾಕಲ್ದಾ?” ಎನ್ನುತ್ತಿದ್ದರು.

ನಮ್ಮಲ್ಲಿ ಉದ್ದದ ಗೋಡೆಗೆ ನಾಲ್ಕು ಕಪಾಟು. ಭಾಷೆ, ಇತಿಹಾಸ, ವಿಜ್ಞಾನ, ತತ್ವಶಾಸ್ತ್ರ ಎಂದು ನಾನೇ ಚೀಟಿ ಬರೆದು ಅಂಟಿಸಿದ್ದೆ. ಮಾಮ ಕಪಾಟಿನ ಎದುರು ನಿಂತು, ಇದನ್ನು ಯಾರು ಹೀಗೆ ಪಾಲು ಮಾಡಿದ್ದು ಎಂದು ಕೇಳಿದರು. ಪುಸ್ತಕಕ್ಕೆ ನಂಬರು ಕೊಡುವ ಒಂದು ಪದ್ಧತಿಯಿದೆ ಎಂದು ನಾನು ದೊಡ್ಡ ಪಂಡಿತರ ಗತ್ತಿನಲ್ಲಿ ವಿವರಿಸಿದೆ. ಪೂರ್ತಿ ಕೇಳಿ, ತಲೆ ಆಡಿಸಿ, ಆ ನಾಲ್ಕೂ ಕಪಾಟಿನ ಪುಸ್ತಕಗಳನ್ನು ಒಂದೇ ರಾಶಿಗೆ ಹಾಕಿಕೊಂಡು ಹೊಲಿಯಲು ಕುಳಿತರು. ನನಗೆ ಸಿಟ್ಟು ಬಂದಿತ್ತು. ವಾಪಸು ಜೋಡಿಸುವುದು ನಾನಲ್ಲವೇ!

ಆ ರಾಶಿಯಿಂದಲೇ ಅವರ ಯೋಚನೆ ಹುಟ್ಟುತ್ತಿತ್ತು. ಒಂದು ದಿನ ಹೊನ್ನಾವರದ ಬಂದರಿನ ಬಗ್ಗೆ ಎರಡು ಪುಸ್ತಕ ಒಟ್ಟಿಗೇ ಹಲಗೆಯಡಿಗೆ ಸಿಕ್ಕಿದವು. ಒಂದರಲ್ಲಿ ಹೊರಗಿನವರು ಬಂದು ಊರು ಸುಟ್ಟರು ಎಂದಿತ್ತು, ಇನ್ನೊಂದರಲ್ಲಿ ಊರಿನವರಿಗೆ ಬುದ್ಧಿ ಕಲಿಸಿದರು ಎಂದಿತ್ತು. ಬೆಂಕಿ ಒಂದೇ ಅಲ್ಲವಾ ಎಂದು ಮಧ್ಯಾಹ್ನದ ತನಕ ಗೊಣಗುತ್ತಿದ್ದರು. ಇನ್ನೊಂದು ದಿನ, ಹಡಗಿನಲ್ಲಿ ಬಂದವರು ಊರು ಬಿಟ್ಟು ಹೋದರೂ ಅವರ ಮಾತು ಹೋಗಲಿಲ್ಲ ಎಂಬುದು ತಲೆಗೆ ಹೊಕ್ಕಿತು. ಪಗಾರ, ಬಟಾಟೆ, ಸಾಬೂನು, ಎಲ್ಲ ಅವರು ಬಿಟ್ಟುಹೋದ ಮಾತೇ ಎಂದು ಬೆರಳು ಮಡಚುತ್ತ ಹೋದರು. “ನಮ್ಮ ಬಾಯೊಳಗೆ ಎಷ್ಟು ಹಡಗು ಬಂದು ನಿಂತವೆ ನೋಡಿ!”

ಶರಾವತಿಯಲ್ಲಿ ದಿನಕ್ಕೆ ಎರಡು ಸಲ ಸಮುದ್ರದ ನೀರು ಏರುತ್ತದಲ್ಲ, ಅದು ಚಂದ್ರ ಎಳೆಯುವುದರಿಂದ ಎಂದು ಓದಿದ ದಿನ ಅವರಿಗೆ ಊಟ ಸೇರಲಿಲ್ಲ. ಜೀವಮಾನವಿಡೀ ದಾರ ಎಳೆದವರು. ದಾರವೇ ಇಲ್ಲದೆ ಅಷ್ಟು ದೂರದಿಂದ ಅಷ್ಟು ನೀರು ಎಳೆಯುವುದು ಹೇಗೆ? ನನ್ನನ್ನು ಕೇಳಿದರು. ನನಗೇನು ಗೊತ್ತು? ಫಿಸಿಕ್ಸಿನ ಮೇಷ್ಟರ ಹತ್ತಿರ ಕಳಿಸಿದೆ. ಒಂದು ಗಂಟೆಯ ಮೇಲೆ ವಾಪಸು ಬಂದು, “ಅವ್ರಿಗೂ ಲೆಕ್ಕ ಗೊತ್ತುಂಟು, ಸಂಗ್ತಿ ಗೊತ್ತಿಲ್ಲೆ” ಎಂದು ದಬ್ಬಣ ಕೈಗೆತ್ತಿಕೊಂಡರು. ಮೇಷ್ಟರು ಮರುದಿನ ನನ್ನ ಹತ್ತಿರ, ಎಂಥ ಜನ ಮಾರಾಯ್ರೆ ಅವರು, ರಾತ್ರಿಯಿಡೀ ನಾನೂ ಅದನ್ನೇ ಯೋಚಿಸಿದೆ ಎಂದರು.

ಅವರ ಕೈಯಿಂದ ತಪ್ಪಾಗಿದ್ದು ನನಗೆ ತಿಳಿದಂತೆ ಒಂದೇ ಸಲ. ಭಟ್ಕಳದ ಒಂದು ಮನೆಯವರು ಅಜ್ಜನ ಕಾಲದ ಉರ್ದು ಪುಸ್ತಕ ಕೊಟ್ಟಿದ್ದರು. ಮಾಮ ಅದನ್ನು ಕನ್ನಡ ಪುಸ್ತಕದ ಹಾಗೆಯೇ ರಟ್ಟು ಹಾಕಿ, ನಾವು ತೆರೆಯುವ ಕಡೆಗೆ ಚಿನ್ನದ ಬಣ್ಣದ ಹೂವು ಒತ್ತಿ ಕೊಟ್ಟುಬಿಟ್ಟರು. ಉರ್ದು ಪುಸ್ತಕ ಬಲದಿಂದ ಶುರುವಾಗುವುದು. ಹೂವು ಹೋಗಿ ಕೊನೆಗೆ ಕೂತಿತ್ತು. ಮನೆಯವರು ನಕ್ಕು, ಪರವಾಗಿಲ್ಲ ಎಂದರಂತೆ. ಇವರು ಬಿಡಲಿಲ್ಲ. ಎಲ್ಲ ಬಿಚ್ಚಿ ಮತ್ತೆ ಹೊಲಿದರು. ಸಾಲದ್ದಕ್ಕೆ ಆ ಅಕ್ಷರ ಕಲಿಯಲು ಒಂದು ಮಳೆಗಾಲ ವಾರಕ್ಕೊಮ್ಮೆ ಭಟ್ಕಳಕ್ಕೆ ಹೋಗಿ ಬಂದರು. ಅವರು, ನಾನು ಐವತ್ತು ವರ್ಷ ಯಾವುದನ್ನು ಮೊದಲು ಅಂದುಕೊಂಡೆನೋ ಅದು ಇನ್ನೊಬ್ಬರಿಗೆ ಕೊನೆ, ಹಾಗಾದರೆ ನಾನು ಮತ್ತೆ ಎಷ್ಟು ವಿಷಯವನ್ನು ತಿರುಗಾಮುರುಗಾ ಹಿಡಿದುಕೊಂಡಿದ್ದೇನೋ ಎಂದು ನನ್ನ ಹತ್ತಿರ ಹೇಳಿದಾಗ ಅವರ ಮುಖ ನಿಜಕ್ಕೂ ಸಣ್ಣದಾಗಿತ್ತು.

ಕಿವಿಯ ಸಂದಿನಲ್ಲಿ ಯಾವಾಗಲೂ ಒಂದು ಪೆನ್ಸಿಲು. ಉದ್ದುದ್ದ ಕಾಗದದ ಪಟ್ಟಿಯ ಮೇಲೆ ಏನೋ ಬರೆಯುತ್ತಿದ್ದರು. ರಟ್ಟಿನ ಅಳತೆ ಬರೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಒಂದು ಸಲ, ಒಂದೇ ಒಂದು ಸಲ, ಬಗ್ಗಿ ನೋಡಿದ್ದರೆ...

ಆಮೇಲೆ ಕಾಲೇಜಿಗೆ ತಪಾಸಣೆಯವರು ಬರುತ್ತಾರೆಂದು ಗಲಾಟೆ ಎದ್ದಿತು. ಲೈಬ್ರರಿ ಹೊಸದಾಗಿ ಕಾಣಬೇಕು, ಕಂಪ್ಯೂಟರಿಗೆ ಜಾಗ ಬೇಕು, ಹಳೇ ಪುಸ್ತಕ ತೆಗೆಯಿರಿ ಎಂದರು. ಯಾವುದು ತೆಗೆಯುವುದೆಂದು ಆರಿಸುವ ಕೆಲಸ ನನ್ನದು. ನಾನು ಸುಲಭದ ದಾರಿ ಹಿಡಿದೆ. ಬಹಳ ವರ್ಷದಿಂದ ಯಾರೂ ಒಯ್ಯದ ಪುಸ್ತಕ ಯಾವುದು ಎಂದು ರಿಜಿಸ್ಟರು ನೋಡಿ ಪಟ್ಟಿ ಮಾಡಿದೆ, ಕೆಂಪು ಶಾಯಿಯಲ್ಲಿ ‘ರದ್ದು’ ಎಂದು ಬರೆದೆ, ಸಹಿ ಹಾಕಿದೆ. ರದ್ದಿಯವನ ಟೆಂಪೋ ಬಂದು ಒಯ್ದಾಗ ಕಪಾಟು ಹಗುರವಾಯಿತೆಂದು ಖುಷಿಯಾದದ್ದೂ ನೆನಪಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆ ಬೇಸಿಗೆ ಮಾಮ ಬರಲಿಲ್ಲ. ಗಂಟಲಿಗೆ ಕ್ಯಾನ್ಸರ್ ಎಂದು ಮಂಗಳೂರಿಗೆ ಒಯ್ದಿದ್ದಾರೆ, ಆಪರೇಷನ್ ಆಗಿ ಸ್ವರ ಹೋಯಿತು ಎಂದು ಯಾರೋ ಹೇಳಿದರು. ಮಳೆ ಹಿಡಿದ ಮೇಲೆ ಹೊನ್ನಾವರದ ಅವರ ಮನೆಗೆ ಹೋದೆ. ಮಕ್ಕಳಿಲ್ಲ, ಅವರು ಮತ್ತು ಮಾಮಿ ಇಬ್ಬರೇ. ಕುತ್ತಿಗೆಗೆ ಬಿಳಿ ಬಟ್ಟೆ, ತೊಡೆಯ ಮೇಲೆ ಮಕ್ಕಳು ಬರೆಯುವ ಸ್ಲೇಟು. ಅಷ್ಟು ಮಾತಾಡುತ್ತಿದ್ದ ಮನುಷ್ಯ. ನನಗೆ ಅವರ ಮುಖ ನೋಡಲಾಗದೆ ಸ್ಲೇಟನ್ನೇ ನೋಡಿದೆ.

ಬಹಳ ಹೊತ್ತು ಬರೆದರು, ಒರೆಸಿದರು, ಮತ್ತೆ ಬರೆದರು. ನಾನು ತುಂಡು ತುಂಡಾಗಿ ಓದಿಕೊಂಡದ್ದು ಇಷ್ಟು. ಪುಸ್ತಕದ ಬೆನ್ನಿನ ಬಟ್ಟೆಯೊಳಗೆ ಗಟ್ಟಿ ಬರಲೆಂದು ಒಂದು ಕಾಗದದ ಪಟ್ಟಿ ಇಟ್ಟು ಅಂಟಿಸುವುದು ಬೈಂಡಿಂಗಿನ ಪದ್ಧತಿ. ಇಪ್ಪತ್ತು ವರ್ಷದಿಂದ ಅವರು ಆ ಪಟ್ಟಿಯ ಮೇಲೆ ತಮ್ಮ ಯೋಚನೆ ಬರೆದು ಒಳಗಿಟ್ಟು ಅಂಟಿಸುತ್ತ ಬಂದಿದ್ದರು. ವರ್ಷಕ್ಕೆ ಒಂದೋ ಎರಡೋ, ಪೂರಾ ಗಟ್ಟಿಯಾದದ್ದು ಮಾತ್ರ. ಒಟ್ಟು ಇಪ್ಪತ್ತಾರು ಪಟ್ಟಿ. ಬೇರೆಲ್ಲೂ ಬರೆದಿಟ್ಟಿಲ್ಲ.

ಪುಟದಲ್ಲಿ ಬರೆಯಲಿಕ್ಕೆ ತನಗೆಂಥ ಯೋಗ್ಯತೆ, ಬೆನ್ನಿನಲ್ಲಾದರೂ ಇರಲಿ ಎಂದುಕೊಂಡರಂತೆ. ಎಲ್ಲವೂ ನಮ್ಮ ಲೈಬ್ರರಿಯ ಪುಸ್ತಕದಲ್ಲೇ. ಅದರಲ್ಲೂ ಯಾರೂ ಒಯ್ಯದೆ, ಬರೀ ಹಳತಾಗಿ ರಟ್ಟು ಬಿಟ್ಟ ಪುಸ್ತಕ ಹುಡುಕಿ ಹುಡುಕಿ ಇಟ್ಟಿದ್ದರು. ಒಯ್ದರೆ ಹರಿಯುತ್ತದೆ, ಮುಟ್ಟದ ಪುಸ್ತಕವಾದರೆ ಭದ್ರ. ಆಗ ಬರೆದದ್ದು ಈಗ ಸರಿಯಾಗಿ ನೆನಪಿಗೆ ಬರುತ್ತಿಲ್ಲ, ಮದ್ದಿಗೆ ತಲೆ ಮಂಕಾಗಿದೆ, ಒಮ್ಮೆ ನೋಡಬೇಕು. ಕೊನೆಗೆ ಹದಿನಾಲ್ಕು ಪುಸ್ತಕದ ಹೆಸರು ಬರೆದರು, ಉಳಿದದ್ದು ನೆನಪಿಲ್ಲ ಎಂದು ಕೈ ಆಡಿಸಿದರು. ‘ಬಿಚ್ಚಿ ಓದಿ ಅಕ್ಕೋರೇ. ನೀವು ಓದಿ ಆದ್ಮೇಲೆ ತನ್ನಿ.’

ಹದಿನಾಲ್ಕೂ ನಾನು ಕೆಂಪು ಶಾಯಿ ಹಾಕಿದವು.

“ತರ್ತೆ ಮಾಮ” ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು!

ಅಲ್ಲಿಂದ ಮೂರು ವಾರ ನಾನು ಮನುಷ್ಯಳಾಗಿರಲಿಲ್ಲ. ಲೈಬ್ರರಿಯಲ್ಲಿ ಅವರ ಕೈಯ ಬೈಂಡಿಂಗ್ ಇರುವ ಪುಸ್ತಕ ಉಳಿದದ್ದೆಷ್ಟೋ ಅಷ್ಟರ ಬೆನ್ನನ್ನೂ ಬ್ಲೇಡು ಹಾಕಿ ಸೀಳಿದೆ. ಎಲ್ಲದರೊಳಗೂ ಖಾಲಿ ಪಟ್ಟಿ. ಪ್ಯೂನು ನನ್ನನ್ನು ನೋಡಿ ಹೆದರಿ ಪ್ರಿನ್ಸಿಪಾಲರನ್ನು ಕರೆತಂದ. ಕುಮಟೆಯ ರದ್ದಿಯವನನ್ನು ಹಿಡಿದೆ. ಮಾಲು ಭಟ್ಕಳದ ಗೋದಾಮಿಗೆ ಹೋಯಿತು ಎಂದ. ಜಡಿಮಳೆಯಲ್ಲಿ ಭಟ್ಕಳಕ್ಕೆ ಹೋದೆ. ಗೋದಾಮಿನ ಸಾಹೇಬರು ಒಳ್ಳೆಯವರು, ಏನು ಎತ್ತ ಎಂದು ಹೆಚ್ಚು ಕೇಳದೆ ಮೂಟೆ ಬಿಚ್ಚಿಸಿದರು. ನೆಲದಲ್ಲಿ ಕೂತು ಹುಡುಕಿದೆವು, ಅವರೂ ಕೂತರು. ಸಂಜೆಯ ಹೊತ್ತಿಗೆ ನಮ್ಮ ಕಾಲೇಜಿನ ಸೀಲು ಇರುವ ಪುಟ ಕಂಡಿತು. ನನಗೆ ಕೂಗಿಕೊಳ್ಳಬೇಕು ಅನ್ನಿಸಿತು. ಹದಿನಾಲ್ಕರಲ್ಲಿ ಹನ್ನೊಂದು ಪುಸ್ತಕ ಸಿಕ್ಕಿದವು. ಪುಟಗಳೆಲ್ಲ ಇದ್ದವು, ಅವರ ಹೊಲಿಗೆ ಕೂಡ ಹಾಗೇ ಇತ್ತು.

ರಟ್ಟು ಇರಲಿಲ್ಲ. ಬೆನ್ನೂ ಇರಲಿಲ್ಲ.

“ರಟ್ಟು, ಬಟ್ಟೆ ಕಾಗದದ ಮಿಲ್ಲಿಗೆ ನಡೆಯೂದಿಲ್ಲಮ್ಮಾ” ಎಂದರು ಸಾಹೇಬರು. “ಬಂದ ದಿನವೇ ಕಿತ್ತು ಬಿಸಾಡ್ತೇವೆ. ಮಳೆಗಾಲ ಅಲ್ಲವಾ, ಸುತ್ತಲಿನ ಮನೆಯವರು ನೀರು ಕಾಯಿಸ್ಲಿಕ್ಕೆ ಒಯ್ದು ಒಲೆಗೆ ಹಾಕ್ತಾರೆ.” ಬೇರೆಯವರು ಬರೆದದ್ದೆಲ್ಲ ನನ್ನ ತೊಡೆಯ ಮೇಲಿತ್ತು. ಮಾಮ ಬರೆದದ್ದು ಯಾರದೋ ಬಚ್ಚಲ ಒಲೆಯಲ್ಲಿ ಬೂದಿಯಾಗಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ, ನಾಚಿಕೆ ಬಿಟ್ಟು.

ಮತ್ತೆ ಹೊನ್ನಾವರಕ್ಕೆ ಹೋಗುವ ದಾರಿಯಿಡೀ ನಿಜ ಹೇಳುತ್ತೇನೆ ಎಂದೇ ಇದ್ದೆ. ಮಾಮ ಹಾಸಿಗೆ ಹಿಡಿದಿದ್ದರು, ದೇಹ ಬತ್ತಿ ಹೋಗಿತ್ತು. ನನ್ನ ಕೈ ಖಾಲಿಯಿರುವುದು ನೋಡಿದರು. ಆದರೂ ಸ್ಲೇಟು ತೆಗೆದು ಬರೆದರು: ‘ಓದಿದ್ರಾ?’

“ಹೌದು ಮಾಮ, ಓದಿದೆ” ಎಂದೆ. ಪುಸ್ತಕ ಹೊರಗೆ ತರಲು ಪ್ರಿನ್ಸಿಪಾಲರು ಬಿಡಲಿಲ್ಲ, ಅಲ್ಲೇ ಕೂತು ಓದಿದೆ ಎಂದೂ ಸೇರಿಸಿದೆ.

ಅವರ ಕಣ್ಣಿಗೆ ಎಂಥ ಜೀವ ಬಂತೆಂದರೆ... ‘ಎಂತ ಅನ್ನಿಸ್ತು?’

ಇಷ್ಟು ವರ್ಷ ಜಗಲಿಯಲ್ಲಿ ಅವರಾಡಿದ ಮಾತು ನನ್ನಲ್ಲಿತ್ತಲ್ಲ, ಅದನ್ನೇ ತೆಗೆದೆ. ಬಾಯೊಳಗಿನ ಹಡಗು ಹೇಳಿದೆ. ಒಂದೇ ಬೆಂಕಿಗೆ ಎರಡು ಪುಸ್ತಕ ಹೇಳಿದೆ. ದಾರವಿಲ್ಲದೆ ಎಳೆಯುವ ಚಂದ್ರ, ಮೊದಲು ಮತ್ತು ಕೊನೆ. ಹಳೇ ಪುಸ್ತಕಕ್ಕೆ ದಾರ ಹೊಸತು, ರಟ್ಟು ಹೊಸತು, ಬಟ್ಟೆ ಹೊಸತು ಹಾಕಿದ ಮೇಲೆ ಅದು ಹಳೇದೋ ಹೊಸದೋ ಎಂದು ಒಮ್ಮೆ ಕೇಳಿದ್ದರು, ಅದನ್ನೂ ಹೇಳಿದೆ. ನಿಮ್ಮ ಬರಹ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ ಮಾಮ ಎಂದೆ. ಚೆನ್ನಾಗಿ ಹೇಳುತ್ತಿದ್ದೇನೆ ಎಂದು ಒಳಗೊಳಗೇ ಧೈರ್ಯವೂ ಬಂದಿತ್ತು ನೋಡಿ, ಮಂಗನಂಥವಳು.

ಅವರು ಪೂರ್ತಿ ಕೇಳಿದರು. ನಡುವೆ ತಡೆಯಲಿಲ್ಲ. ಆಮೇಲೆ ನಿಧಾನಕ್ಕೆ ಬರೆದು ಸ್ಲೇಟನ್ನು ನನ್ನ ಕಡೆ ತಿರುಗಿಸಿದರು.

‘ಇವೆಲ್ಲ ನಾ ಮಾತಾಡಿದ್ದು. ಬರ್ದಿದ್ದು ಬೇರೆ.’

ಅಷ್ಟರಲ್ಲಿ ಮಾಮಿ ಒಳಗಿನಿಂದ ಬರುವ ಸದ್ದಾಯಿತು. ಮಾಮಿಗೆ ಓದಲು ಬಾರದು. ಆದರೂ ಮಾಮ ಗಡಬಡಿಸಿ ಅಂಗೈಯಿಂದ ಸ್ಲೇಟು ಒರೆಸಿದರು. ನನ್ನ ಮಾನ ಉಳಿಸಲಿಕ್ಕೆ. ಒರೆಸಿದ ಜಾಗದಲ್ಲಿ ಮತ್ತೆ ಬರೆದರು: ‘ಚಾ ಕುಡ್ದು ಹೋಗಿ.’

ಕುಡಿದೆ. ಕುಡಿದು ಎದ್ದು ಬಂದೆ. ಒಂಬತ್ತನೇ ದಿನ ಅವರು ತೀರಿಕೊಂಡರು ಎಂದು ಸುದ್ದಿ ಬಂತು.

ಹತ್ತು ವರ್ಷದ ಮೇಲಾಯಿತು. ನಾನು ರಿಟೈರಾದೆ, ಮಾಮಿಯೂ ಹೋದರು. ಈಗ ಇದನ್ನು ಬರೆಯಲು ಕೂತರೆ ನನ್ನ ಕೈಯಲ್ಲಿರುವುದು ಅವರು ಹೇಳಲು ಸಾಧ್ಯವಾದ ಮಾತು ಮಾತ್ರ. ನೀವು ಓದಿದ್ದೂ ಅಷ್ಟೇ. ಯಾರೆದುರೂ ಆಡಲಾಗದೆ, ಇಪ್ಪತ್ತು ವರ್ಷ ಕತ್ತಲಲ್ಲಿ ಅಂಟಿಸಿಟ್ಟ ಮಾತು ಯಾವುದು? ದೇವರ ಬಗ್ಗೆಯೇ? ಸಾವಿನ ಬಗ್ಗೆಯೇ? ಹುಟ್ಟದೇ ಹೋದ ಮಕ್ಕಳ ಬಗ್ಗೆಯೇ? ಕೇಳೋಣವೆಂದರೆ ಯಾರಿದ್ದಾರೆ? ಅದನ್ನು ಓದಲು ಈ ಭೂಮಿಯ ಮೇಲೆ ಅವರು ಆರಿಸಿಕೊಂಡದ್ದು ಒಬ್ಬಳನ್ನೇ, ಆ ಒಬ್ಬಳು ನಾನು. ಅಷ್ಟು ದೊಡ್ಡ ಮನುಷ್ಯ ನನ್ನನ್ನು ‘ಓದಿದ್ರಾ?’ ಎಂದು ಕೇಳಿದ್ದಕ್ಕೆ ನಿಜವಾದ ಉತ್ತರ ಇಲ್ಲಿ ಕೊಡುತ್ತಿದ್ದೇನೆ, ಕೇಳಿಸಿಕೊಳ್ಳಲು ಅವರಿಲ್ಲ ಎಂದು ಗೊತ್ತಿದ್ದೂ.

ಇಲ್ಲ ಮಾಮ. ಓದಲಿಲ್ಲ.