ತುಟಿ ಕಾಣುವ ಹಾಗೆ

ನನ್ನ ಮಗಳಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂಬುದು ನಮಗೆ ಗೊತ್ತಾದದ್ದು ಊರಿನವರೆಲ್ಲ ಬಾಯಿಗೆ ಮಾಸ್ಕ್ ಕಟ್ಟಿಕೊಂಡ ಮೇಲೆ.

ಕೊರೋನಾ ಕಳೆದು ಶಾಲೆ ಮತ್ತೆ ತೆರೆದಾಗ ಅವಳು ಎರಡನೆಯ ತರಗತಿಯಲ್ಲಿದ್ದಳು. ನಮ್ಮದು ಸಂಗೊಳ್ಳಿಯ ಹತ್ತಿರದ ಸಣ್ಣ ಊರು. ಒಂದೇ ಸರಕಾರಿ ಶಾಲೆ, ನಾಲ್ಕು ಕೋಣೆ. ಹದಿನೈದು ದಿನವೂ ಆಗಿರಲಿಲ್ಲ, ಹೆಡ್ ಅಕ್ಕೋರು ನನ್ನನ್ನು ಕರೆಸಿದರು. ಅವರೇ ಶಾಲೆಯ ಮುಖ್ಯೋಪಾಧ್ಯಾಯಿನಿ, ನಾನು ಚಿಕ್ಕವಳಿದ್ದಾಗ ನನಗೂ ಕಲಿಸಿದವರು.

"ಹುಡುಗಿ ಅಂಗನವಾಡ್ಯಾಗ ಇದ್ದಾಗ ಚಲೋ ಇದ್ದಳವಾ. ಈಗ ಏನ್ ಕೇಳಿದ್ರೂ ಸುಮ್ಮನ ಮಾರಿ ನೋಡ್ಕೋತ ನಿಂದರ್ತಾಳ. ಮನಿಯಾಗ ಕುಂತು ಕುಂತು ಮರತಬಿಟ್ಟಾಳೋ, ಹಟಾ ಮಾಡ್ತಾಳೋ ತಿಳಿವಲ್ದು."

ನನಗೂ ತಿಳಿಯಲಿಲ್ಲ. ಮನೆಯಲ್ಲಿ ಅವಳು ಬಾಯಿಗೆ ಬಿಡುವಿಲ್ಲದ ಹಾಗೆ ಮಾತಾಡುತ್ತಿದ್ದಳು. ಒಂದು ದಿನ ರೇಷನ್ ಅಂಗಡಿಯಿಂದ ಬಂದವಳು ಬಾಗಿಲಲ್ಲೇ ನಿಂತು, ಚೀಲ ಒಳಗಿಡು ಎಂದು ಅವಳಿಗೆ ಹೇಳಿದೆ. ಮುಖದ ಮೇಲೆ ಮಾಸ್ಕ್ ಹಾಗೇ ಇತ್ತು. ಅವಳು ನನ್ನ ಕಣ್ಣನ್ನೇ ನೋಡಿದಳು. ಮತ್ತೊಮ್ಮೆ ಹೇಳಿದೆ. ಆಗ ಹತ್ತಿರ ಬಂದು, ತುದಿಗಾಲಲ್ಲಿ ನಿಂತು ನನ್ನ ಮಾಸ್ಕನ್ನು ಗದ್ದದ ಕೆಳಗೆ ಎಳೆದು, "ಈಗ ಹೇಳು" ಎಂದಳು.

ನಾನು ಚೀಲವನ್ನು ಅಲ್ಲೇ ಇಟ್ಟೆ. ಆ ಮಧ್ಯಾಹ್ನ ಪೂರ್ತಿ ಅವಳಿಗೆ ಗೊತ್ತಾಗದ ಹಾಗೆ ಪರೀಕ್ಷೆ ಮಾಡಿದೆ. ಹಿಂದಿನಿಂದ ತಾಟು ಬೀಳಿಸಿದರೆ ತಿರುಗಿದಳು. ಹೆಸರು ಹಿಡಿದು ಜೋರಾಗಿ ಕರೆದರೆ ತಿರುಗಿದಳು. ಬೆನ್ನ ಹಿಂದೆ ನಿಂತು "ಉಪ್ಪಿನ ಡಬ್ಬಿ ಕೊಡು" ಎಂದರೆ ಮಾತ್ರ ಅವಳ ಪಾಡಿಗೆ ಅವಳು ಬೊಂಬೆಗೆ ಸೀರೆ ಉಡಿಸುತ್ತ ಕೂತಿದ್ದಳು.

ಇಷ್ಟು ವರ್ಷ ಹೆತ್ತ ತಾಯಿಗೆ ಹೇಗೆ ತಿಳಿಯಲಿಲ್ಲ ಎಂದು ಆಮೇಲೆ ಬಹಳ ಜನ ಕೇಳಿದರು. ನನ್ನ ತವರು ರಾಮದುರ್ಗ. ಅಲ್ಲಿ ನಮ್ಮ ಮನೆಯಲ್ಲಿ ಬೆಳಗಿನಿಂದ ಸಂಜೆಯ ತನಕ ಮಗ್ಗಗಳ ಸಪ್ಪಳ. ಆ ಸಪ್ಪಳದಲ್ಲಿ ಯಾರೂ ಕಿವಿಯನ್ನು ನಂಬುವುದಿಲ್ಲ, ಎದುರಿನವರ ಮುಖ ನೋಡಿಯೇ ಮಾತು ತಿಳಿದುಕೊಳ್ಳುತ್ತಾರೆ. ನಾನೂ ಹಾಗೇ ಬೆಳೆದವಳು. ಮಗಳು ಕೂಸಿದ್ದಾಗಿನಿಂದ ಮಾತಾಡುವವರ ಬಾಯಿಯನ್ನೇ ದಿಟ್ಟಿಸುತ್ತಿದ್ದದ್ದು ನನಗೆ ತವರಿನ ಗುಣದಂತೆ ಕಂಡಿತ್ತು. ಅದನ್ನು ನೋಡಿ ಎಷ್ಟೋ ಸಲ ಖುಷಿಪಟ್ಟಿದ್ದೆ.

ನನ್ನ ಗಂಡ ಮಾಲು ಸಾಗಿಸುವ ಟೆಂಪೋ ಓಡಿಸುತ್ತಾರೆ. ಒಂದು ದಿನ ಕಿತ್ತೂರು, ಒಂದು ದಿನ ಸವದತ್ತಿ. ಅವರು ಮೊದಲು ಒಪ್ಪಲಿಲ್ಲ. "ಸಣ್ಣಾಕಿ ಅದಾಳ, ಗ್ಯಾನ ಆಟದ ಕಡೆ ಇರ್ತೈತಿ" ಎಂದರು. ಮರುದಿನ ತಾವೇ ಮಗಳ ಬೆನ್ನ ಹಿಂದೆ ನಿಂತು ಮೆಲ್ಲಗೆ, ಜಾತ್ರೆಯಲ್ಲಿ ಸಿಗುವ ಬೆಂಡುಬತಾಸಿನ ಆಸೆ ತೋರಿಸಿದರು. ಅವಳು ತಿರುಗಲಿಲ್ಲ. ಆ ಸೋಮವಾರ ಟೆಂಪೋದ ಬಾಡಿಗೆ ಬಿಟ್ಟು ನಮ್ಮಿಬ್ಬರನ್ನೂ ಬೆಳಗಾವಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಗಾಜಿನ ಕೋಣೆಯಲ್ಲಿ ಕೂಡಿಸಿ ಪರೀಕ್ಷೆ ಮಾಡಿದ ಹೆಣ್ಣುಮಗಳು ಬಹಳ ಸಮಾಧಾನದಿಂದ ವಿವರಿಸಿದಳು. ಸಪ್ಪಳ ಕೇಳಿಸುತ್ತದೆ, ಆದರೆ ಮಾತಿನ ಅರ್ಧ ಅಕ್ಷರಗಳು ಅವಳನ್ನು ಮುಟ್ಟುವುದಿಲ್ಲ. ಕಿವಿಗೆ ಮಷೀನು ಹಾಕಿದರೆ ಸಪ್ಪಳ ದೊಡ್ಡದಾಗುತ್ತದೆ, ಆದರೂ ಮುಖ ಕಾಣಲೇಬೇಕು. ಕೊನೆಗೆ ಒಂದು ಮಾತು ಸೇರಿಸಿದಳು: "ಸದ್ಯಕ್ಕ ಮನಿಯಾಗ ಒಂದ ಭಾಷೆ ಮಾತಾಡ್ರಿ. ಸಾಲಿಯೊಳಗಿನ ಭಾಷೆ ಆದ್ರ ಹಗೂರ ಆಗ್ತೈತಿ."

ನಮ್ಮ ಮನೆಯ ಮಾತು ಉರ್ದು, ಇಲ್ಲಿಯ ತನಕ ಮನೆಯವರು ಆಡಿದ್ದನ್ನೆಲ್ಲ ನಾನೇ ಕನ್ನಡದಲ್ಲಿ ಹೇಳಿದ್ದು. ನನ್ನ ಅತ್ತೆ ಸಂತೆಯಲ್ಲಿ, ಹೊಲದಲ್ಲಿ ಯಾರಿಗೂ ಸೋಲದ ಹಾಗೆ ಕನ್ನಡ ಮಾತಾಡುತ್ತಾರೆ, ಆದರೆ ಹೊಸ್ತಿಲು ದಾಟಿ ಒಳಗೆ ಬಂದರೆ ಉರ್ದುವೇ. ಮೊಮ್ಮಗಳಿಗೆ ಮುದ್ದು ಮಾಡುವುದೂ ಬಯ್ಯುವುದೂ ಅದರಲ್ಲೇ. ಈ ಮಾತನ್ನು ಅವರಿಗೆ ಹೇಗೆ ಹೇಳಲಿ ಎಂದು ನಾನು ದಾರಿಯುದ್ದಕ್ಕೂ ಯೋಚಿಸಿದ್ದೆ. ಹೇಳಿದಾಗ ಅವರು ಎದ್ದು ಹೋಗಿ ಎಲೆ ಅಡಿಕೆ ಉಗುಳಿ, ಬಾಯಿ ತೊಳೆದುಕೊಂಡು ಬಂದರು. ಆಮೇಲೆ ಮೊಮ್ಮಗಳನ್ನು ಎದುರಿಗೆ ಕೂಡಿಸಿಕೊಂಡು, "ಬಾರವ್ವ ನನ್ನ ಬಂಗಾರಾ, ಊಟ ಮಾಡಿಯೇನು?" ಎಂದು ಕನ್ನಡದಲ್ಲೇ ಕೇಳಿದರು. ಆ ಮನೆಯಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಅದು. ಪ್ರಾರ್ಥನೆಯ ದುವಾ ಒಂದನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ಅದನ್ನು ಕಲಿಸುವಾಗ ಮಗಳ ಅಂಗೈಯನ್ನು ತಮ್ಮ ಗಂಟಲಿನ ಮೇಲೆ ಇಟ್ಟುಕೊಂಡು ಒಂದೊಂದೇ ಶಬ್ದ ಹೇಳುತ್ತಿದ್ದರು.

ಕೆಲವು ತಿಂಗಳ ಮೇಲೆ ಮಷೀನು ಬಂದವು. ಮೊದಲ ದಿನ ಅವಳು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ಸುಮ್ಮನೆ ಓಡಾಡಿದಳು. ಏನು ಮಾಡುತ್ತಿದ್ದಾಳೆಂದು ನೋಡಿದರೆ, ತನ್ನ ಚಪ್ಪಲಿಯ ಸಪ್ಪಳ ಕೇಳುತ್ತಿದ್ದಳು.

ಇನ್ನು ಎಲ್ಲ ಸರಿಹೋಯಿತು ಎಂದುಕೊಂಡೆ. ಆದರೆ ಮೂರನೆಯ ತರಗತಿಯಲ್ಲೂ ಅವಳು ಹಿಂದೆಯೇ ಉಳಿದಳು. ಹೆಡ್ ಅಕ್ಕೋರು ಮತ್ತೆ ಕರೆಸಿ, ದೂರದ ಊರಲ್ಲಿ ಕಿವುಡ ಮಕ್ಕಳ ಶಾಲೆಯಿದೆ, ಹಾಸ್ಟೆಲ್ ಇದೆ, ಅಲ್ಲಿಗೆ ಕಳಿಸಿದರೆ ಅವಳಿಗೇ ಒಳ್ಳೆಯದು ಎಂದರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಒಬ್ಬೊಬ್ಬ ಶಿಕ್ಷಕರು ಎರಡೆರಡು ತರಗತಿ ನೋಡಿಕೊಳ್ಳುವ ಶಾಲೆ ಅದು. ನನ್ನ ಗಂಡನ ಮನಸ್ಸೂ ಆ ಕಡೆ ವಾಲಿತು. ನನಗೆ ಮಾತ್ರ ಅವಳನ್ನು ಬಿಟ್ಟಿರುವ ಮನಸ್ಸಿರಲಿಲ್ಲ.

ಆಗ ನಮ್ಮ ಶಾಲೆಗೆ ಹದಿನೈದು ದಿನಕ್ಕೊಮ್ಮೆ ಬೈಲಹೊಂಗಲದಿಂದ ಬಸ್ಸಿನಲ್ಲಿ ಒಬ್ಬ ಟೀಚರ್ ಬರುತ್ತಿದ್ದರು. ಇಂಥ ಮಕ್ಕಳನ್ನು ನೋಡಲೆಂದೇ ಊರೂರು ತಿರುಗುವ ಕೆಲಸ ಅವರದು. ನಾನು ಬಸ್ ಸ್ಟಾಪಿನಲ್ಲೇ ಅವರನ್ನು ಹಿಡಿದೆ. ಅವರು ಬಿಸಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು.

"ಕಳಸೂದು ಬಿಡೂದು ನಿಮ್ಮ ಇಚ್ಛಾ. ಅಲ್ಲಿ ಹೋಗಿ ಕಲತ ಮಕ್ಕಳೂ ಚಲೋ ಆಗ್ಯಾರ. ಆದ್ರ ಈ ಹುಡುಗಿಗೆ ಇಲ್ಲೆ ಏನ್ ಬೇಕು ಅನ್ನೂದನ್ನ ಯಾರರೆ ಕೇಳ್ಯಾರೇನು? ಮುಂದಿನ ಬೆಂಚು. ಮಾಸ್ತರು ಬೋರ್ಡಿಗೆ ಮಾರಿ ಮಾಡಿ ಮಾತಾಡಬಾರದು. ತುಟಿ ಕಾಣಬೇಕು. ಇಷ್ಟ ಕೇಳ್ರಿ ಮೊದಲ."

"ನಾ ಕೇಳಿದ್ರ ಕೊಡ್ತಾರೇನ್ರಿ?"

"ನಿಮ್ಮ ಮಗಳ ಹಕ್ಕು ಅದು. ಕೇಳಿ ನೋಡ್ರಿ."

ಆ ವರ್ಷ ಮುಗಿಯುತ್ತ ಬಂದಿತ್ತು, ಇನ್ನೊಂದು ವರ್ಷ ಇಲ್ಲೇ ನೋಡೋಣ ಎಂದು ಗಂಡನನ್ನು ಒಪ್ಪಿಸಿದೆ. ಅವಳು ನಾಲ್ಕನೆಯ ತರಗತಿಗೆ ಬಂದಾಗ ಹೊಸ ಮಾಸ್ತರರು ಬಂದಿದ್ದರು. ನವಿಲುತೀರ್ಥದ ಕಡೆಯವರು, ದಿನಾ ಮೋಟಾರ್ ಸೈಕಲ್ಲಿನಲ್ಲಿ ಬರುತ್ತಿದ್ದರು. ಮಕ್ಕಳಿಗೆ ಅವರೆಂದರೆ ಜೀವ. ನಾನು ಹೋಗಿ ಬೆಂಚಿನ ಮಾತು ಹೇಳಿದೆ, ಅದೇ ದಿನ ಮಗಳು ಮುಂದೆ ಬಂದಳು. ಬೋರ್ಡಿನ ಮಾತು ಹೇಳಿದೆ. ಮರೆತಾಗಲೆಲ್ಲ ನಾಲಿಗೆ ಕಚ್ಚಿಕೊಂಡು ತಿರುಗಿ ಮತ್ತೆ ಹೇಳುತ್ತಿದ್ದರಂತೆ. ಆದರೂ ಮಗಳಿಗೆ ಪಾಠ ಹತ್ತಲಿಲ್ಲ.

"ಯಾಕವ್ವ, ಸರ್ ಹೇಳಿದ್ದು ತಿಳಿಯಂಗಿಲ್ಲೇನು?" ಎಂದು ಕೇಳಿದೆ.

"ಅವರಿಗೆ ಬಾಯಿನ ಇಲ್ಲ. ಬರೇ ಕೂದಲಾ ಅದಾವ."

ನನಗೆ ಅರ್ಥವಾಯಿತು. ಮಾಸ್ತರರ ಮೀಸೆ ಭಾರಿ ಮೀಸೆ. ಮೇಲ್ತುಟಿಯನ್ನು ಪೂರ್ತಿ ಮುಚ್ಚಿ, ಕೆಳತುಟಿಯ ಮೇಲೂ ಇಳಿದಿತ್ತು.

ಈಗ ಇದನ್ನು ಕೇಳುವವರು ಯಾರು? ಗಂಡನಿಗೆ ಹೇಳಿದರೆ ಟೆಂಪೋದ ಗಾಜು ಒರೆಸುವುದನ್ನು ಬಿಟ್ಟು ನನ್ನನ್ನೇ ನೋಡಿದರು. "ನಮ್ಮ ಕಡೆ ಒಬ್ಬ ಗಂಡಸಿಗೆ ಮೀಸಿ ತಗೀರಿ ಅನ್ನೂದಂದ್ರ ಏನಂತ ತಿಳದೀ? ಜಗಳಾ ಆಕ್ಕೈತಿ. ನಾ ಒಲ್ಲೆ." ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟರು. ನಾನು ಒಂದು ಚೀಟಿ ಬರೆದೆ, ಓದಿ ನಾಚಿಕೆಯಾಗಿ ಹರಿದೆ. ಮೂರು ಸಲ ಶಾಲೆಯ ತನಕ ಹೋಗಿ, ಒಮ್ಮೆ ಮಗಳ ನೀರಿನ ಬಾಟ್ಲಿ, ಒಮ್ಮೆ ಪೆನ್ಸಿಲ್, ಒಮ್ಮೆ ಏನೂ ಇಲ್ಲದೆ ಸುಮ್ಮನೆ ನಮಸ್ಕಾರ ಕೊಟ್ಟು ಬಂದೆ. ನಾಲ್ಕನೆಯ ಸಲ ಮಾಸ್ತರರೇ ಕೇಳಿದರು.

"ಏನೋ ಹೇಳಾಕ ಬರತೀರಿ, ಹೇಳದ ಹೊಕ್ಕೀರಿ. ಏನೈತಿ ಹೇಳಬಿಡ್ರಿ ತಂಗಿ."

ನೆಲ ನೋಡುತ್ತಲೇ ಹೇಳಿದೆ. "ಸರ, ಸಿಟ್ಟಾಗಬ್ಯಾಡ್ರಿ. ನಮ್ಮ ಹುಡುಗಿ ತುಟಿ ನೋಡಿ ಮಾತು ತಿಳಕೋತಾಳ. ನಿಮ್ಮ ಮೀಸ್ಯಾಗ ತುಟಿ ಕಾಣಂಗಿಲ್ಲಂತ್ರಿ. ಸ್ವಲ್ಪ ಸಣ್ಣ ಮಾಡಿದ್ರ..."

ಅವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಕೈ ತಾನಾಗಿಯೇ ಮೀಸೆಯ ಮೇಲೆ ಹೋಯಿತು. "ನೋಡೂಣು" ಎಂದಷ್ಟೇ ಹೇಳಿ ಒಳಗೆ ಹೋದರು.

ಒಂದು ವಾರ ಕಳೆಯಿತು. ಮೀಸೆ ಹಾಗೇ ಇತ್ತು. ನಾನು ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟೆ, ಹಿಟ್ಟಿನ ಗಿರಣಿಗೂ ಊರು ಸುತ್ತಿ ಹೋದೆ. ಬಾಯಿ ಬಿಟ್ಟು ಕೆಲಸ ಕೆಡಿಸಿದೆ, ಇನ್ನು ಮಗಳನ್ನು ಹಾಸ್ಟೆಲ್ಲಿಗೇ ಕಳಿಸಬೇಕೇನೋ ಎಂದುಕೊಂಡೆ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮಾಸ್ತರರು ನನ್ನನ್ನು ಕರೆಸಿದರು. ಮಕ್ಕಳೆಲ್ಲ ಹೋಗಿದ್ದರು. ಹೆಡ್ ಅಕ್ಕೋರು ಆಚೆ ಕೋಣೆಯಲ್ಲಿ ಹಾಜರಿ ಬರೆಯುತ್ತಿದ್ದರು. ಮಾಸ್ತರರು ಎರಡು ಬೆರಳಿನಿಂದ ಮೀಸೆಯನ್ನು ಮೇಲಕ್ಕೆ ಎತ್ತಿ ತೋರಿಸಿದರು. ಮೇಲ್ತುಟಿಯಿಂದ ಮೂಗಿನ ತನಕ ಒಂದು ಹಳೆಯ ಹೊಲಿಗೆಯ ಗುರುತು, ತುಟಿ ಅಲ್ಲಿ ಸೊಟ್ಟಗೆ ಮೇಲೆ ಹೋಗಿತ್ತು.

"ಹುಟ್ಟೂದ ಸೀಳ ತುಟಿ. ಆರು ವರ್ಷದವ ಇದ್ದಾಗ ಹೊಲಿಸಿದ್ರು. ಸಾಲ್ಯಾಗ ನನಗ ಏನಂತ ಕರೀತಿದ್ರು ಅನ್ನೂದು ನಿಮಗ ಹೇಳಂಗಿಲ್ಲ. ಮೀಸಿ ಬಂದ ದಿನದಿಂದ ಇದನ್ನ ಯಾರೂ ನೋಡಿಲ್ಲ. ನನ್ನ ಮಕ್ಕಳೂ ನೋಡಿಲ್ಲ."

ನಾನು ಕೈ ಮುಗಿದೆ. "ತಪ್ಪಾತ್ರಿ ಸರ. ಬ್ಯಾಡ್ರಿ, ನಾ ಕೇಳಬಾರದಾಗಿತ್ತು."

"ನಿಮ್ಮ ತಪ್ಪಲ್ಲ. ನೀವು ಮಗಳ ಸಲುವಾಗಿ ಕೇಳೀರಿ. ನಮ್ಮವ್ವನೂ ನನ್ನ ಸಲುವಾಗಿ ಹಿಂಗ ಸಾಲಿ ಬಾಗಿಲಕ್ಕ ನಿಂತಾಕಿ. ನಾ ಇನ್ನೂ ವಿಚಾರ ಮಾಡಾಕ ಹತ್ತೇನಿ, ಅದಕ್ಕ ಕರಿಸಿದೆ. ಬೇಜಾರ ಮಾಡ್ಕೋಬ್ಯಾಡ್ರಿ."

ಮನೆಗೆ ಬಂದು ಗಂಡನಿಗೂ ಅತ್ತೆಗೂ ಹೇಳಿದೆ. ಅವತ್ತು ಯಾರೂ ನಗಲಿಲ್ಲ.

ಆಮೇಲೆ ಒಂದು ಸೋಮವಾರ ಮಗಳು ಓಡುತ್ತಲೇ ಮನೆಗೆ ಬಂದಳು. ಸರ್ ಮೀಸೆ ಕತ್ತರಿಸಿಕೊಂಡು ಬಂದಿದ್ದಾರೆ! ಪೂರ್ತಿ ತೆಗೆದಿರಲಿಲ್ಲ, ತುಟಿಯ ಮೇಲೆ ಗೆರೆ ಎಳೆದ ಹಾಗೆ ಸಣ್ಣಗೆ ಉಳಿಸಿಕೊಂಡಿದ್ದರು. ಗುರುತು ಕಾಣುತ್ತಿತ್ತು. ತರಗತಿಯ ಒಂದು ಹುಡುಗಿ ಎದ್ದು ನಿಂತು, "ಸರ, ಬಿದ್ದಿದ್ರೇನ್ರಿ?" ಎಂದು ಕೇಳಿದಳಂತೆ.

"ಇಲ್ಲ. ನಾ ಹುಟ್ಟಿದಾಗಿಂದ ಹಿಂಗ ಅದೇನಿ, ಡಾಕ್ಟರು ಹೊಲದಾರ" ಎಂದು ಹೇಳಿ ಅವರು ಏಳರ ಮಗ್ಗಿ ಶುರು ಮಾಡಿದರಂತೆ.

"ನೀ ಏನಂದಿ?" ಎಂದು ಕೇಳಿದೆ.

"ನಾನೂ ಹುಟ್ಟಿದಾಗಿಂದ ಹಿಂಗ ಅದೇನಿ ಸರ, ಅಂತ ಹೇಳಿದ್ನಿ. ಅವರು ಹೌದಲ್ಲ ಅಂದ್ರು."

ಅವಳು ಮಾಸ್ತರರ ಮಾತನ್ನು ತುಟಿ ನೋಡಿಯೇ ತಿಳಿದು, ಒಂದಕ್ಷರ ಬಿಡದೆ ಹಾಗೆಯೇ ಒಪ್ಪಿಸಿದ್ದು ನನಗೆ ಆಮೇಲೆ ಹೊಳೆಯಿತು. ಒಳಗೆ ಹೋಗಿ ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಅತ್ತೆಯವರು ಬಂದು ತಲೆ ನೇವರಿಸಿ ಹೋದರು.

ಅಷ್ಟಕ್ಕೇ ಎಲ್ಲ ಮುಗಿಯಲಿಲ್ಲ. ಉಕ್ತಲೇಖನದಲ್ಲಿ ಅವಳು ಮಳೆ ಎಂದರೆ ಬಳೆ ಎಂದು ಬರೆಯುತ್ತಿದ್ದಳು. ತುಟಿ ನೋಡುವವರಿಗೆ ಎರಡೂ ಒಂದೇ. ಮಾಸ್ತರರು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ನೋಡಿಕೊಂಡು ಬಂದು, "ಖರೇನ ಒಂದ ಕಾಣ್ತೈತಿ ನೋಡ್ರಿ" ಎಂದು ನನಗೇ ಹೇಳಿದರು. ಬೈಲಹೊಂಗಲದ ಟೀಚರ್ ಜೊತೆ ಕೂತು ಒಂದು ಉಪಾಯ ಮಾಡಿದರು. ಮ ಎನ್ನುವಾಗ ಮೂಗಿನ ಮೇಲೆ ಬೆರಳು, ಬ ಎನ್ನುವಾಗ ಮುಷ್ಟಿ, ಪ ಎನ್ನುವಾಗ ತೆರೆದ ಅಂಗೈ. ತಿಂಗಳೊಳಗೆ ತರಗತಿಯ ಮಕ್ಕಳೆಲ್ಲ ಕಲಿತು, ಪರೀಕ್ಷೆಯಲ್ಲಿ ಒಬ್ಬರಿಗೊಬ್ಬರು ಉತ್ತರ ತೋರಿಸಲು ಅದನ್ನೇ ಬಳಸಿ ಬಯ್ಯಿಸಿಕೊಂಡರು. ಹೆಡ್ ಅಕ್ಕೋರು ಹಾಸ್ಟೆಲ್ಲಿನ ಮಾತನ್ನು ಮತ್ತೆ ತೆಗೆಯಲಿಲ್ಲ. ಐದನೆಯ ತರಗತಿ ಮುಗಿಯುವ ಹೊತ್ತಿಗೆ ಮಗಳು ಕನ್ನಡ ಪುಸ್ತಕ ತಾನೇ ಓದುತ್ತಿದ್ದಳು, ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದಳು.

ಈ ವರ್ಷ ಅವಳನ್ನು ಆರನೆಯ ತರಗತಿಗೆ ಬೈಲಹೊಂಗಲದ ಶಾಲೆಗೆ ಹಾಕಿದ್ದೇವೆ. ಅಲ್ಲಿ ಗಂಟೆಗೊಬ್ಬ ಶಿಕ್ಷಕರು. ಅಷ್ಟೂ ಜನರ ಮುಂದೆ ನಿಂತು ಕೇಳಬೇಕಲ್ಲ ಎಂದು ನಾನು ಮೊದಲ ದಿನ ಅವಳ ಜೊತೆ ಬಸ್ಸಿನಲ್ಲಿ ಹೋದೆ, ಹೇಳಬೇಕಾದದ್ದನ್ನೆಲ್ಲ ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡೆ. ಗೇಟಿನ ಹತ್ತಿರ ಅವಳು ನಿಂತಳು.

"ನೀ ಇಲ್ಲೇ ಇರು. ನಾ ಹೇಳತೇನಿ."

"ನಿನಗ ಹೇಳಾಕ ಬರ್ತೈತೇನು?"

"ಕಿವಿ ನಂದಲ್ಲೇನು?"

ಕಿಟಕಿಯಿಂದ ನೋಡಿದೆ. ಕ್ಲಾಸ್ ಟೀಚರ್ ಹಾಜರಿ ಮುಗಿಸುವ ತನಕ ಕಾದು ಅವಳು ಎದ್ದು ನಿಂತಳು. ಎರಡೂ ಕಿವಿಯ ಮೇಲಿನ ಕೂದಲು ಸರಿಸಿ ಮಷೀನು ತೋರಿಸಿದಳು. "ಅಕ್ಕೋರ, ಬೋರ್ಡಿನ ಕಡೆ ಹೊಳ್ಳಿ ಮಾತಾಡಿದ್ರ ನನಗ ತಿಳಿಯಂಗಿಲ್ರಿ. ಬರದು ಮುಗಿಸಿ, ನಮ್ಮ ಕಡೆ ಹೊಳ್ಳಿ ಹೇಳ್ರಿ" ಎಂದಳು. ದನಿ ಸ್ವಲ್ಪ ಜೋರಾಗಿಯೇ ಇತ್ತು. ಟೀಚರ್, ಆಗಲಿ ಎಂದು ತಲೆಯಾಡಿಸಿ, ಅವಳನ್ನು ಎರಡನೆಯ ಸಾಲಿನಿಂದ ಮೊದಲ ಸಾಲಿಗೆ ಕರೆದರು.

ಗಂಟೆ ಹೊಡೆಯಿತು, ಇನ್ನೊಬ್ಬ ಶಿಕ್ಷಕರು ಒಳಗೆ ಬಂದರು, ಅವಳು ಮತ್ತೆ ಎದ್ದು ನಿಂತಳು. ನಾನು ಬಂದ ಕೆಲಸ ಏನೂ ಉಳಿದಿರಲಿಲ್ಲ. ಪೇಟೆಯಲ್ಲಿ ಅತ್ತೆಗೆ ಒಂದು ಕಟ್ಟು ಎಲೆ ತೆಗೆದುಕೊಂಡು, ಹನ್ನೊಂದೂವರೆಯ ಬಸ್ಸಿಗೆ ಊರಿಗೆ ಬಂದೆ.