ಒಂದು ಸಿಂಬೆ ವೈರು

ನಮ್ಮ ಕೇಬಲ್ ಮಾಮನ ಮುಂದಿನ ಹಲ್ಲಿನಲ್ಲಿ ವೈರಿನಷ್ಟೇ ಅಗಲದ ಒಂದು ಕಚ್ಚು ಇತ್ತು. ಜೇಬಿನಲ್ಲಿ ಕಟ್ಟರ್ ಇದ್ದರೂ ವೈರಿನ ಸಿಪ್ಪೆ ಸುಲಿಯುತ್ತಿದ್ದುದು ಹಲ್ಲಿನಲ್ಲೇ. ನಮ್ಮೂರು ಹಂಗಳಕ್ಕೆ ಮೊದಲು ಟಿ.ವಿ. ಕೇಬಲ್, ಆಮೇಲೆ ಗುಂಡ್ಲುಪೇಟೆಯಿಂದ ಇಂಟರ್‌ನೆಟ್ ಎಳೆದು ತಂದವರು ಅವರೇ. ನಾನು ಹೈಸ್ಕೂಲಿನ ಇಂಗ್ಲಿಷ್ ಮೇಡಂ ಆದಮೇಲೂ ಅವರಿಗೆ ಪುಟ್ಟ ಹುಡುಗಿ, 'ಅಮ್ಮಿ'ಯಾಗಿಯೇ ಉಳಿದೆ.

ಪ್ರತಿ ಮನೆಯ ಕಿಟಕಿಯ ಹೊರಗೆ ಎರಡು ಮಾರು ವೈರನ್ನು ಹೆಚ್ಚಿಗೆ ಬಿಟ್ಟು ಸುತ್ತಿ ಕಟ್ಟುತ್ತಿದ್ದರು. ಕೊಡ ಹೊರುವವರ ತಲೆಯ ಸಿಂಬೆಯಂತಿದ್ದ ಅದನ್ನು ಸಿಂಬೆ ಎಂದೇ ಕರೆಯುತ್ತಿದ್ದರು. "ನಾಳೆ ಇನ್ನೊಂದು ರೂಮು ಕಟ್ಟುಸ್ತೀರ. ಆಗ ವೈರು ಸಾಲ್ದು ಅನ್ಬಾರ್ದು ಕಣಮ್ಮಿ."

ಆಮೇಲೆ ದೊಡ್ಡ ಕಂಪನಿಯೊಂದು ಅದೇ ಕಂಬಗಳ ಮೇಲೆ ತನ್ನ ವೈರು ಎಳೆದು, ಆರು ತಿಂಗಳು ಬಿಟ್ಟಿ ಎಂದಿತು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜನ ನಾವು. ಮಾಮ ದೆಹಲಿಗೆ ದೂರು ಕೊಡುತ್ತೇನೆಂದು ಬಂದರು. ದೊಡ್ಡ ಕಂಪನಿಗಳು ಬಲ ತೋರಿಸಿ ಪೈಪೋಟಿಯನ್ನು ಮುಗಿಸದಂತೆ ನೋಡಿಕೊಳ್ಳುವ ಕಚೇರಿ ಅಲ್ಲಿದೆಯಂತೆ. ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. 'ಪ್ರಾಬಲ್ಯದ ದುರುಪಯೋಗ' ಎಂದು ಅರ್ಥ ಹೇಳಿದರೆ ನಕ್ಕುಬಿಟ್ಟರು. "ಅಂಗಂದ್ರೆ, ದೊಡ್ಡೋನು ಪಕ್ಕದೋನ ಎಲೆಗೆ ಕೈ ಆಕೋದು. ಅಷ್ಟೇ ತಾನೆ?"

ಮಾರನೇ ವಾರ ದೂರಿಗೆ ಊರವರ ಸಹಿ ಕೇಳಿಕೊಂಡು ಬಂದರು. ಪಟ್ಟಿಯ ಮೊದಲ ಹೆಸರು ನನ್ನದು. ನಮ್ಮ ಗೋಡೆಯ ಮೇಲೆ ಕಂಪನಿಯ ಹೊಸ ಪೆಟ್ಟಿಗೆ ಹಸಿರು ದೀಪ ಮಿನುಗಿಸುತ್ತಿತ್ತು; ಹಾಕಿಸಿ ಎರಡು ದಿನವಾಗಿತ್ತು. ಹಾಕಿಸಿದವಳು ನಾನೇ.

ಮಾಮ ನೋಡಿದರು. ಕಾಫಿ ಕುಡಿದರು. ನಾನು ನಾಚಿಕೆಯಿಂದ ಪೆನ್ನು ಕೈಗೆತ್ತಿಕೊಂಡರೆ ಕಾಗದ ಮಡಚಿಟ್ಟುಕೊಂಡರು. "ಬ್ಯಾಡ ಬುಡು. ನಿನ್ ಕೈಲಿ ಸುಳ್ಳು ಸೈನು ಆಕುಸ್ಬುಟ್ಟು ನಾನೇನ್ ಗೆದ್ದೇನಾ?"

ಕೆಲವು ತಿಂಗಳ ಮೇಲೆ ದೆಹಲಿಯಿಂದ ಉತ್ತರ ಬಂತು. ಓದಿ ಹೇಳಲು ನನ್ನ ಬಳಿಗೇ ತಂದರು. ದೂರಿನಲ್ಲಿ ಹುರುಳಿಲ್ಲ, ಗ್ರಾಹಕರು ಸ್ವಇಚ್ಛೆಯಿಂದ ಬದಲಾಗಿದ್ದಾರೆ. ಆ ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಅವರು, "ಸ್ವಇಚ್ಛೆ," ಎಂದು ಒಮ್ಮೆ ಹೇಳಿಕೊಂಡು ಚಪ್ಪಲಿ ಮೆಟ್ಟಿಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೆಲವು ದಿನಗಳಲ್ಲಿ ಊರ ತುಂಬ ಹಾಕಿದ್ದ ವೈರನ್ನು ತಾವೇ ಬಿಚ್ಚಿಕೊಂಡು ಹೋದರು. ನಮ್ಮ ಕಿಟಕಿಯ ಹತ್ತಿರ ನಿಂತು, "ಸಿಂಬೆ ಇರ್ಲಿ ಕಣಮ್ಮಿ, ಯಾವತ್ತಾದ್ರೂ ಬೇಕಾದೀತು," ಎಂದರು. ಹೋದ ಕಾರ್ತಿಕದಲ್ಲಿ ಎದೆನೋವು ಬಂದು, ಚಾಮರಾಜನಗರದ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡರು.

ಬಿಟ್ಟಿಯ ಕಾಲ ಮುಗಿದು ಕಂಪನಿ ದರ ಏರಿಸಿದೆ. ಮೊನ್ನೆ ಬಂಡೀಪುರದ ಕಡೆಯಿಂದ ಬಂದ ಆನೆ ಕಂಬ ಕೆಡವಿತು. ನಾಲ್ಕು ದಿನ ನೆಟ್ ಇಲ್ಲ. ಫೋನು ಮಾಡಿದರೆ ಕನ್ನಡಕ್ಕಾಗಿ ಎರಡನ್ನು ಒತ್ತಿ ಎನ್ನುತ್ತದೆ. ಒತ್ತಿದರೆ ಹಾಡು. ಮಾಮ ಆಗಿದ್ದರೆ ಆನೆ ರಸ್ತೆ ದಾಟುವುದನ್ನೇ ಕಾದು ಏಣಿ ಹೊತ್ತು ಬರುತ್ತಿದ್ದರು. ಬೇರೆಯವರನ್ನು ಕರೆಯೋಣವೆಂದರೆ ಬೇರೆ ಯಾರೂ ಉಳಿದಿಲ್ಲ.

ಸಿಂಬೆ ಇನ್ನೂ ಕಿಟಕಿಯ ಹೊರಗೆ ನೇತಾಡುತ್ತಿದೆ. ಬಿಸಿಲಿಗೆ ಬಣ್ಣ ಹೋಗಿದೆ, ತುದಿಯಲ್ಲಿ ಅವರ ಹಲ್ಲಿನ ಗುರುತಿದೆ. ಬಿಚ್ಚಲು ನನಗೆ ಕೈ ಬರುವುದಿಲ್ಲ.