ಡೆಕ್ಕಿನೊಳಗಿದ್ದ ಸೋಬಾನೆ

ಉದ್ದನಪಲ್ಲಿಯಲ್ಲಿ ಯಾರ ಮನೆಯ ಮದುವೆಯೇ ಆಗಲಿ, ಹೆಣ್ಣಿಗೆ ಅರಿಶಿನ ಹಚ್ಚಬೇಕೆಂದರೆ ಮೊದಲು ಭದ್ರಮ್ಮ ಸೋಬಾನೆ ಪದ ಎತ್ತಬೇಕಿತ್ತು. ಹಾಡಿನ ಸಾಲುಗಳು ಅವಳೊಬ್ಬಳಿಗೇ ಗೊತ್ತಿದ್ದವು; ಅವಳು ಎತ್ತಿಕೊಟ್ಟರೆ ಉಳಿದ ಹೆಂಗಸರು ಹಿಂದಿನಿಂದ ಸೊಲ್ಲು ಹಿಡಿಯುತ್ತಿದ್ದರು. ಅಲ್ಲಿಯವರೆಗೆ ಅರಿಶಿನದ ಬಟ್ಟಲಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಅಂಥ ಗಂಟಲಿಗೆ ಮೂರು ವರ್ಷದ ಹಿಂದೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಬಾಯಿ ತೆರೆದರೆ ಬರೀ ಗಾಳಿ.

ಹಾಡು ಒಂದೇ ಒಂದು ಕಡೆ ಉಳಿದಿತ್ತು. ಗಂಡ ಪಾಪಣ್ಣ ಎಂದೋ ತುಂಬಿಸಿಟ್ಟಿದ್ದ ಕ್ಯಾಸೆಟ್ಟು, ಮಗ ರಾಮುವಿನ ಹಳೇ ಕಾರಿನ ಡೆಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಎಳೆದರೆ ಬಾರದು, ಗುಂಡಿ ಒತ್ತಿದರೆ ಹಾಡುವುದು. "ನಮ್ಮವ್ವ ಶುರು ಹಚ್ಕಂಡ್ಳು" ಎಂದು ರಾಮು ನಗುತ್ತಿದ್ದ. ಮೊಮ್ಮಗಳು ಸುಗುಣಾಳ ಅರಿಶಿನದ ದಿನ ಕಾರನ್ನು ಚಪ್ಪರದ ಪಕ್ಕ ನಿಲ್ಲಿಸಿ ಅದನ್ನೇ ಹಾಡಿಸುವುದೆಂದು ಮಾತಾಗಿತ್ತು.

ಕಾರು ಎರಡು ದಿನ ಜೂಜುವಾಡಿಯ ಕಾರು ಡೆಕ್ಕಿನ ಅಂಗಡಿಯಲ್ಲಿದ್ದು, ಅರಿಶಿನದ ಹಿಂದಿನ ದಿನ ಮನೆಗೆ ಬಂತು. ಒಳಗೆ ಹೊಸ ಡೆಕ್ಕು. ಪೂರಾ ಗಾಜು, ಒಂದು ಗುಂಡಿಯೂ ಇಲ್ಲ.

"ಹಳೇದು ಕರಕರ ಅಂತಿತ್ತಲ್ಲವ್ವಾ. ನಿನ್ ಹಾಡ್ನ ಇದುಕ್ಕೇ ಏರಿಸ್ಕೊಡು ಅಂತ ಯೋಳಿದ್ದೆ. ಈಗ ಕೇಳು!"

ಕೇಳಿದಳು. ಸಿನಿಮಾ ಹಾಡು. ಮುಂದಿನದೂ ಸಿನಿಮಾ ಹಾಡು. ಭದ್ರಮ್ಮ ಮಗನ ತೋಳು ಹಿಡಿದು ಅಲುಗಾಡಿಸಿದಳು. ಬಯ್ಯುವುದಕ್ಕೂ ದನಿಯಿಲ್ಲ.

ಇಬ್ಬರೂ ಜೂಜುವಾಡಿಗೆ ಓಡಿದರು. ಅಂಗಡಿಯ ತಿಮ್ಮರಾಜು ನಗುತ್ತಾ ಎದ್ದ. "ಯಾಕಣ್ಣಾ, ಸೌಂಡು ಸಾಲ್ದಾ?"

"ಸೌಂಡು ಮನೆ ಹಾಳಾಗ, ನಮ್ಮವ್ವನ ಹಾಡೆಲ್ಲಿ ಕಣ್ಲಾ?"

"ಅದಾ? ಇಕ್ಕಳ ಹಾಕಿ ಎಳ್ದೆ, ಟೇಪೆಲ್ಲಾ ಕಿತ್ಕಂಡು ಬಂತು. ಮದ್ವೆಗೆ ತಾನೇ ಅಂತ ಮುನ್ನೂರು ಮದ್ವೆ ಪಾಟು, ಎಲ್ಲಾ ಸಿನಿಮಾ ಹಾಡು, ತುಂಬಿವ್ನಿ. ಒಂದುಕ್ಕಿಂತ ಒಂದು ಸೂಪರು!"

"ಟೇಪೆಲ್ಲಿ?"

"ಗುಬ್ಬಿ ಕಾಟ ಅಂತ ಕೊಂಡಪ್ಪಣ್ಣ ಕೇಳ್ದ, ಕೊಟ್ಬುಟ್ಟೆ."

ಅಂಗಡಿಯ ಹಿಂದೆಯೇ ಕೊಂಡಪ್ಪನ ರಾಗಿ ಹೊಲ. ಗೂಟದಿಂದ ಗೂಟಕ್ಕೆ ಕಂದು ಟೇಪು ಬಿಗಿದಿದ್ದ. ಗಾಳಿಗೆ ಗುಂಯ್‌ ಎನ್ನುತ್ತಿತ್ತು. ಒಂದು ಗುಬ್ಬಿಯೂ ಹತ್ತಿರ ಸುಳಿದಿರಲಿಲ್ಲ. ರಾಮು ಬಿಚ್ಚಿ ಬಿಚ್ಚಿ ಸುತ್ತಿಕೊಂಡ. ತಿರುಚಿ ಗಂಟು ಹಾಕಿದ್ದು, ಮಾರುದ್ದಕ್ಕೊಂದು ತುಂಡು.

"ಇದೊಂದೇ ಉಳ್ದಿರಾದು ಅಂತ ಮೊದ್ಲೇ ಒಂದ್ ಮಾತು ಯೋಳ್ಬಾರ್ದಾ ಅಮ್ಮಾ?" ಎಂದ ತಿಮ್ಮರಾಜು. ಭದ್ರಮ್ಮ ತನ್ನ ಗಂಟಲು ಮುಟ್ಟಿ ತೋರಿಸಿದಳು.

ಮರುದಿನ ಬೆಳಿಗ್ಗೆ ಸುಗುಣಾ ಹಸೆಯ ಮೇಲೆ ಕೂತಳು. ಹೊಸ ಡೆಕ್ಕಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಹೆಂಗಸರು ತಮಗೆ ಗೊತ್ತಿದ್ದ ಸೊಲ್ಲನ್ನು ಹಾಡಿದರು, ನಿಲ್ಲಿಸಿದರು. ಮುಂದಿನ ಸಾಲು ಭದ್ರಮ್ಮನದು. ಎಲ್ಲರೂ ಅವಳ ತುಟಿ ನೋಡಿದರು. ತುಟಿ ಅಲ್ಲಾಡುತ್ತಿತ್ತು. ಅವಳು ಒಂದು ಮಾತನ್ನೂ ಬಿಡದೆ ಕೊನೆಯವರೆಗೆ ಹಾಡಿ, ಸೊಲ್ಲು ಹಿಡಿಯಿರೆಂದು ಕೈಯೆತ್ತಿದಳು.

ಯಾರಿಗೂ ಏನೂ ಕೇಳಿಸಿರಲಿಲ್ಲ. ಅರಿಶಿನದ ಬಟ್ಟಲು ಹಾಗೇ ಇತ್ತು.